ಹಳೇ ಗೋಡೆ, ಹೊಸ ಗೋಡೆ ನಡುವಿನ ಸೋರಿಕೆ

ದಾವಣಗೆರೆಯ ನಮ್ಮ ಚರ್ಚಿಗೆ ಜಾಗ ಸಾಲದೆ ಪಕ್ಕದಲ್ಲೇ ಹೊಸ ಹಾಲ್ ಕಟ್ಟಿಸಿದೆವು. ಮೊದಲ ಮಳೆಗೇ ಹಳೇ ಗೋಡೆ ಮತ್ತು ಹೊಸ ಗೋಡೆ ಸೇರುವ ಕಡೆ ನೀರು ಇಳಿಯಿತು. ಹಾಡಿನ ಪುಸ್ತಕಗಳೆಲ್ಲ ಒದ್ದೆ. ನೋಡಿ ಹೊಟ್ಟೆ ಉರಿಯಿತು.

ಎರಡು ಸಲ ಸಿಮೆಂಟ್ ಮೆತ್ತಿಸಿದೆವು. ಎರಡು ಸಲವೂ ಅದೇ ಜಾಗ ಬಿರುಕು ಬಿಟ್ಟಿತು.

ಆಮೇಲೆ ಕಾರಣ ತಿಳಿಯಿತು. ನಮ್ಮದು ಎರೆಮಣ್ಣಿನ ಜಾಗ. ಬೇಸಿಗೆಯಲ್ಲಿ ಕುಗ್ಗುತ್ತದೆ, ಮಳೆಗೆ ಉಬ್ಬುತ್ತದೆ. ಹಳೇ ಕಟ್ಟಡ ಆಗಲೇ ಕೂತು ಗಟ್ಟಿಯಾಗಿದೆ, ಹೊಸದು ಇನ್ನೂ ಕೂರುತ್ತಿದೆ. ಎರಡೂ ಬೇರೆ ಬೇರೆಯಾಗಿ ಅಲುಗುವಾಗ ನಡುವಿನ ಸಿಮೆಂಟ್ ಒಡೆಯದೆ ಇರುತ್ತದಾ?

ಏಪ್ರಿಲ್‌ನಲ್ಲಿ, ಎಲ್ಲ ಒಣಗಿದ್ದಾಗ, ಭಾನುವಾರದ ಆರಾಧನೆ ಮುಗಿಸಿ ಎಂಟು ಜನ ತಾರಸಿ ಹತ್ತಿದೆವು. ಹಳೇ ಸಿಮೆಂಟ್ ಪೂರ್ತಿ ಕೆತ್ತಿ ತೆಗೆದೆವು. ತಂತಿ ಬ್ರಷ್‌ನಲ್ಲಿ ಉಜ್ಜಿ ದೂಳು ತೆಗೆದೆವು. ಸಂದಿಗಿಂತ ಸ್ವಲ್ಪ ದಪ್ಪದ ಫೋಮ್ ಹಗ್ಗ ಒಳಗೆ ತುರುಕಿ, ಮೇಲೆ ಪಾಲಿಯುರೆಥೇನ್ ಸೀಲೆಂಟ್ (ಒಣಗಿದ ಮೇಲೂ ರಬ್ಬರಿನಂತೆ ಹಿಗ್ಗುವ ಅಂಟು) ತುಂಬಿದೆವು. ಈ ಹಗ್ಗ ಬಿಡಲೇಬೇಡಿ. ಸೀಲೆಂಟ್ ಎರಡು ಬದಿಗೆ ಮಾತ್ರ ಅಂಟಬೇಕು. ತಳಕ್ಕೂ ಅಂಟಿದರೆ ಹಿಗ್ಗಲಾರದೆ ಹರಿಯುತ್ತದೆ. ಮೇಲೆ ಅಲ್ಯೂಮಿನಿಯಂ ತಗಡು ಹೊದಿಸಿ, ಗೋಡೆಗಳು ಬೇರೆ ಬೇರೆಯಾಗಿ ಅಲುಗಿದರೂ ತಗಡು ಎಳೆಯದಿರಲಿ ಎಂದು ಒಂದೇ ಬದಿಗೆ ಸ್ಕ್ರೂ ಹಾಕಿದೆವು. ತಾರಸಿಯ ಪೈಪ್ ನೀರು ಪಾಯಕ್ಕೇ ಬೀಳುತ್ತಿತ್ತು, ಅದನ್ನೂ ಚರಂಡಿಗೆ ತಿರುಗಿಸಿದೆವು. ಸಂಜೆ ಎಲ್ಲರೂ ಕೂತು ಮಂಡಕ್ಕಿ, ಮಿರ್ಚಿ ತಿಂದೆವು.

ಸೀಲೆಂಟ್ ಪೂರ್ತಿ ಒಣಗಿದ ಮೇಲೆ ಬಕೆಟ್‌ಗಟ್ಟಲೆ ನೀರು ಸುರಿದು ನೋಡಿದೆವು. ಒಂದು ಹನಿಯೂ ಇಳಿಯಲಿಲ್ಲ. ಈಗ ಪ್ರತಿ ವರ್ಷ ಮಳೆಗೆ ಮುಂಚೆ ಯುವಕರ ಗುಂಪು ತಗಡು ಎತ್ತಿ ನೋಡುತ್ತದೆ.