ನಗರಸಭೆ ರಂಗಮಂದಿರನ ಮತ್ತೆ ರಂಗಮಂದಿರ ಮಾಡಿದ್ದು – ನನ್ನ ಅನುಭವ

ನಮ್ಮೂರಿನ ನಗರಸಭೆ ರಂಗಮಂದಿರದ ನಿರ್ವಹಣಾ ಸಮಿತಿಲಿ ನಾನು ಕೆಲವು ವರ್ಷದಿಂದ ಇದೀನಿ, ಮೂಲತಃ ಲೈಟಿಂಗ್ ಮಾಡೋನು, ಹವ್ಯಾಸಿ ತಂಡಗಳ ಜೊತೆ ಓಡಾಡ್ಕೊಂಡು ಬಂದವನು. ಬೇರೆ ಊರಿನ ರಂಗಭೂಮಿ ಗೆಳೆಯರು "ನಿಮ್ಮಲ್ಲಿ ಮದುವೆ ನಿಲ್ಸಿ ನಾಟಕಕ್ಕೆ ಕೊಡ್ತಿದಾರಂತಲ್ಲ, ಅದ್ ಹೇಗ್ ಮಾಡಿಸಿದ್ರಿ" ಅಂತ ಕೇಳ್ತಾನೇ ಇರ್ತಾರೆ, ಫೋನಲ್ಲಿ ಹೇಳಿ ಮುಗಿಯೋ ವಿಷ್ಯ ಅಲ್ಲ, ಹಾಗಾಗಿ ಬರೀತಿದೀನಿ. ಹಳೇ ಮೈಸೂರು ಕಡೆ ಒಂದು ಜಿಲ್ಲಾ ಕೇಂದ್ರ ಅಂತ ಅಂದ್ಕೊಳ್ಳಿ ಸಾಕು, ಇದೇ ಸ್ಥಿತಿಲಿರೋ ಕಟ್ಟಡಗಳು ಬೇಕಾದಷ್ಟು ಊರಲ್ಲಿವೆ.

ಶುರುವಾಗಿದ್ದು ನವೀಕರಣದ ಮಾತಿಂದ. ಪೌರಾಯುಕ್ತರು ಕರೆದಿದ್ರು, ಪುಷ್‌ಬ್ಯಾಕ್ ಸೀಟು, ಎಸಿ, ಮುಂದೆ ಗಾಜಿನ ಎಲಿವೇಶನ್ ಅಂತ ಒಂದು ಪ್ಲಾನ್ ಆಗ್ಲೇ ರೆಡಿ ಇತ್ತು, ನಮ್ಮನ್ನ ಕರೆದಿದ್ದು ಸ್ಟೇಜ್ ಬಗ್ಗೆ ಒಂದೆರಡು ಸಲಹೆ ಕೇಳೋಕೆ. ನಾನು ಕೇಳಿದ್ದು ಒಂದೇ: ಸಾರ್, ಈ ಕಟ್ಟಡದಲ್ಲಿ ಈಗ ವರ್ಷಪೂರ್ತಿ ಏನ್ ನಡೀತಿದೆ ಅಂತ ಒಂದ್ಸಲ ನೋಡೋಣ್ವಾ, ಆಮೇಲೆ ಸೀಟಿನ ಮಾತು. ಅವರು ಒಳ್ಳೆಯವರು, ಅಲ್ಲೇ ಕ್ಲರ್ಕ್‌ನ ಕರೆದು ಬುಕಿಂಗ್ ರಿಜಿಸ್ಟರ್ ಕೊಡಿಸಿದ್ರು. ನಿಮ್ಮೂರಲ್ಲಿ ಕೊಡದಿದ್ರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದ್ರೆ 30 ದಿನದೊಳಗೆ ಉತ್ತರ ಕೊಡ್ಲೇಬೇಕು, ಆದ್ರೆ ಮೊದ್ಲು ಬಾಯಲ್ಲೇ ಕೇಳಿ, ಅರ್ಜಿ ಹಾಕಿದ ತಕ್ಷಣ ಕಚೇರಿಯವರು ನಿಮ್ಮನ್ನ ಎದುರಾಳಿ ಥರ ನೋಡೋಕೆ ಶುರು ಮಾಡ್ತಾರೆ.

ರಿಜಿಸ್ಟರ್‌ನ ಕೂತು ಓದಿ ಒಂದೊಂದು ದಿನಕ್ಕೂ ಏನು ನಡೀತು ಅಂತ ಎಕ್ಸೆಲ್‌ಗೆ ಹಾಕಿದ್ವಿ. ಮದುವೆ ಆರತಕ್ಷತೆ, ಬೀಗರೂಟ, ನರ್ಸಿಂಗ್ ಕಾಲೇಜು ವಾರ್ಷಿಕೋತ್ಸವ, ಚಿಟ್ ಫಂಡ್‌ನವರ ಮೀಟಿಂಗು, ಪಕ್ಷಗಳ ಸಮಾವೇಶ, ಇಲಾಖೆಗಳ ತರಬೇತಿ, ಜಯಂತಿಗಳು. ಶನಿವಾರ ಭಾನುವಾರ ಸಂಜೆ ಅಂದ್ರೆ ಮದುವೆದೇ. ನಾಟಕಕ್ಕೆ ಸಿಗ್ತಿದ್ದಿದ್ದು ಆಷಾಢ, ಇಲ್ಲಾ ವಾರದ ಮಧ್ಯೆ, ವಾರಾಂತ್ಯ ಬೇಕು ಅಂದ್ರೆ ಯಾರಾದ್ರೂ ಕ್ಯಾನ್ಸಲ್ ಮಾಡ್ಬೇಕಿತ್ತು. ಇನ್ನೊಂದು ವಿಷ್ಯ ಯಾರೂ ಗಮನಿಸಿರಲಿಲ್ಲ, ವರ್ಷದ ಅರ್ಧಕ್ಕಿಂತ ಹೆಚ್ಚು ದಿನ ಆ ಕಟ್ಟಡಕ್ಕೆ ಬೀಗ ಹಾಕಿರ್ತಿತ್ತು. ಹೊರಗಡೆ ಕಲಾಮಂದಿರ ಅಂತ ಕಲ್ಲಲ್ಲಿ ಕೆತ್ತಿದೆ, ಉದ್ಘಾಟನೆ ಫಲಕದಲ್ಲಿ ಕಲೆ ಸಂಸ್ಕೃತಿ ಅಂತೆಲ್ಲ ಇದೆ, ಆದ್ರೆ ಒಂದು ಕಟ್ಟಡದ ನಿಜವಾದ ಉದ್ದೇಶ ಏನು ಅನ್ನೋದನ್ನ ತೀರ್ಮಾನ ಮಾಡೋದು ಯಾರಿಗೆ ಯಾವ ದಿನ ಎಷ್ಟು ಬಾಡಿಗೆಗೆ ಕೊಡ್ತೀವಿ ಅನ್ನೋ ಲೆಕ್ಕವೇ. ನಾನು ಹೇಳ್ಬೇಕು ಅಂತಿರೋದು ಮುಖ್ಯವಾಗಿ ಇಷ್ಟೇ. ಧ್ಯೇಯವಾಕ್ಯ ಬರೆಯೋಕೆ ಕೂರಬೇಡಿ, ದರಪಟ್ಟಿ ಮತ್ತು ಕ್ಯಾಲೆಂಡರ್ ಮೇಲೆ ಕೂತ್ಕೊಳ್ಳಿ.

ನಗರಸಭೆಗೆ ಇದು ಯಾಕೆ ಬೇಕು ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಕುಡಿಯೋ ನೀರು ಕೊಡೋಕಾಗ್ತಿಲ್ಲ ನಾಟಕ ಯಾಕೆ ಅಂತಾರೆ. ಅದಕ್ಕೆ ನಮ್ಮ ಹತ್ರ ಇದ್ದ ಗಟ್ಟಿ ಉತ್ತರ ಸಂವಿಧಾನದ್ದು. 74ನೇ ತಿದ್ದುಪಡಿಲಿ ಬಂದ 12ನೇ ಅನುಸೂಚಿಲಿ ನಗರ ಸ್ಥಳೀಯ ಸಂಸ್ಥೆಗಳ ಕೆಲಸ ಅಂತ 18 ವಿಷಯ ಇವೆ, 13ನೇದು ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯಕ್ಕೆ ಸಂಬಂಧಪಟ್ಟ ವಿಷಯಗಳ ಉತ್ತೇಜನ. ನೀರು 5ನೇದು, ಬೀದಿದೀಪ 17ನೇದರಲ್ಲಿ ಬರುತ್ತೆ, ಎಲ್ಲಾ ಒಂದೇ ಪಟ್ಟಿಲಿದೆ. ಅದರ ಜೆರಾಕ್ಸ್ ಮಾಡಿ ಪ್ರತಿಯೊಬ್ಬ ಸದಸ್ಯರಿಗೂ ಕೊಟ್ವಿ, ಇದು ಕಲಾವಿದರಿಗೆ ಮಾಡೋ ಉಪಕಾರ ಅಲ್ಲ ಅಂತ ಗೊತ್ತಾಗೋಕೆ ಅದು ಬಹಳ ಸಹಾಯ ಮಾಡ್ತು.

ಆದ್ರೆ ದುಡ್ಡಿನ ಪ್ರಶ್ನೆಗೆ ಸಂವಿಧಾನ ಸಾಲಲ್ಲ. ಮದುವೆಯಿಂದ ಬರೋ ಬಾಡಿಗೆ ರೆವಿನ್ಯೂ ಸೆಕ್ಷನ್ ಲೆಕ್ಕದಲ್ಲಿ ಚೆನ್ನಾಗಿ ಕಾಣ್ತಿತ್ತು. ಅದೇ ಮದುವೆಯಿಂದ ಆಗೋ ಖರ್ಚು ಬೇರೆ ಬೇರೆ ಕಡೆ ಹಂಚಿಹೋಗಿತ್ತು, ಕಸದ್ದು ಆರೋಗ್ಯ ಶಾಖೆಲಿ, ಕಟ್ಟಿಕೊಂಡ ಡ್ರೈನೇಜ್‌ದು ಇಂಜಿನಿಯರಿಂಗ್‌ನಲ್ಲಿ, ವೈರಿಂಗ್ ರಿಪೇರಿ ಎಲೆಕ್ಟ್ರಿಕಲ್‌ನಲ್ಲಿ, ಟ್ಯಾಂಕರ್ ನೀರು ಇನ್ನೊಂದು ಹೆಡ್‌ನಲ್ಲಿ, ಎಲ್ಲಾ ಒಂದೇ ಹಾಳೆಗೆ ತಂದು ಯಾರೂ ನೋಡಿರಲಿಲ್ಲ. ಸ್ಟೇಜಿನ ಮರದ ಹಲಗೆಗಳಿಗೆ ಡೆಕೊರೇಶನ್‌ನವರು ಮೊಳೆ ಹೊಡೆದು ಹೊಡೆದು ಬರಿಗಾಲಲ್ಲಿ ಭರತನಾಟ್ಯ ಮಾಡೋಕೆ ಮಕ್ಕಳನ್ನ ಬಿಡೋಕೆ ಭಯ ಆಗ್ತಿತ್ತು, ಸೈಕ್ಲೋರಮಾ (ಸ್ಟೇಜಿನ ಹಿಂಬದಿಯ ದೊಡ್ಡ ಪರದೆ) ಹರಿದು ಜೋತಾಡ್ತಿತ್ತು, ಪಕ್ಕದ ಮರೆಗಳು, ಅಂದ್ರೆ ವಿಂಗ್ಸ್ ತೆಗೆದು ಎಲ್ಲೋ ಎಸೆದಿದ್ರು. ಇದನ್ನೆಲ್ಲ ಒಂದು ಕಡೆ ಕೂಡಿಸಿ ಬಾಡಿಗೆ ಪಕ್ಕದಲ್ಲಿ ಇಟ್ಟಾಗ ಮದುವೆಯಿಂದ ಭಾರೀ ಲಾಭ ಅನ್ನೋ ಮಾತು ಸಭೆಲಿ ಯಾರೂ ಎತ್ತಲಿಲ್ಲ.

ಆಕ್ಷೇಪಣೆ ಬಂದಿದ್ದು ಬೇರೆ ಕಡೆಯಿಂದ, ಅದು ನ್ಯಾಯವಾದದ್ದೇ. ಒಬ್ಬ ಸದಸ್ಯೆ ಎದ್ದು, "ನೋಡಿ ಇವ್ರೇ, ದೊಡ್ಡೋರಿಗೆ ಕನ್ವೆನ್ಶನ್ ಹಾಲ್ ಇದೆ, ನಮ್ಮ ವಾರ್ಡಿನ ಪೌರಕಾರ್ಮಿಕರ ಮಗಳ ಮದುವೆ ಎಲ್ ಮಾಡ್ಬೇಕು, ಅದನ್ ಹೇಳ್ಬಿಡಿ ನಾನ್ ಕೈ ಎತ್ತೀನಿ" ಅಂದ್ರು. ಅವತ್ತು ನಿರ್ಣಯ ಮುಂದಕ್ಕೆ ಹೋಯ್ತು, ಹೋಗಿದ್ದು ಒಳ್ಳೇದೇ ಆಯ್ತು. ನಗರಸಭೆದೇ ಒಂದು ಸಮುದಾಯ ಭವನ ಬಸ್ ಸ್ಟ್ಯಾಂಡ್ ಹತ್ರ ಇತ್ತು, ಗೋಡೌನ್ ಥರ ಬಳಸ್ತಿದ್ರು. ಗಾಜಿನ ಎಲಿವೇಶನ್‌ಗೆ ಅಂತ ಇಟ್ಟಿದ್ದ ಹಣದಲ್ಲಿ ಒಂದಷ್ಟನ್ನ ಮಂಜೂರಾತಿ ಬದಲಾಯಿಸಿ ಆ ಭವನಕ್ಕೆ ಹಾಕಿ, ಅಡುಗೆಮನೆ, ಬೋರ್‌ವೆಲ್, ಊಟದ ಹಾಲ್ ಸರಿ ಮಾಡಿಸಿದ್ರು, ಬಾಡಿಗೆ ರಂಗಮಂದಿರಕ್ಕಿಂತ ಕಮ್ಮಿ ಇಟ್ರು. ಅದು ಬಾಗಿಲು ತೆರೆದ ಮೇಲೇ ಇಲ್ಲಿ ಹೊಸ ಮದುವೆ ಬುಕಿಂಗ್ ನಿಲ್ಸಿದ್ದು, ಆಗ್ಲೇ ಅಡ್ವಾನ್ಸ್ ಕೊಟ್ಟವರದೆಲ್ಲ ನಡೆಸಿಕೊಟ್ವಿ. ಯಾರಾದ್ರೂ ಬರೀ ಮದುವೆ ಬಂದ್ ಮಾಡಿಸೋಕೆ ಹೊರಟರೆ ನನ್ನ ಬೆಂಬಲ ಇಲ್ಲ, ಬಡವರ ಕೈಯಿಂದ ಒಂದು ಜಾಗ ಕಿತ್ತು ಕಲೆಗೆ ಕೊಡೋದು ಕಲೆಗೂ ಒಳ್ಳೇದಲ್ಲ.

ಸರ್ಕಾರಿ ಕಾರ್ಯಕ್ರಮಗಳದ್ದು ಸುಲಭವಾಗಿ ಬಗೆಹರೀತು. ಜಯಂತಿಗಳು ಎಲ್ಲಾ ಬೆಳಿಗ್ಗೆನೇ ನಡೆಯೋದು, ದಿನಾಂಕನೂ ಮುಂಚೆನೇ ಗೊತ್ತಿರುತ್ತೆ, ಹಾಗಾಗಿ ಮಧ್ಯಾಹ್ನ 2 ಗಂಟೆಗೆ ಖಾಲಿ ಮಾಡ್ಕೊಡಿ ಅಂತ ಕೇಳಿದ್ವಿ, ಒಪ್ಪಿದ್ರು. ಸಂಜೆಗಳು ಅಷ್ಟೂ ಉಳೀತು.

ಎಲ್ಲಕ್ಕಿಂತ ಹೆಚ್ಚು ಮಾತುಕತೆ ಆಗಿದ್ದು ನಮ್ಮವರ ಮಧ್ಯೆನೇ. ನಾವೆಲ್ಲ ಮಾದರಿ ಅಂತ ನೋಡ್ತಿದ್ದಿದ್ದು ಬೆಂಗಳೂರಿನ ರಂಗಶಂಕರ, 2004ರಲ್ಲಿ ಶುರುವಾದಾಗಿಂದ ಅಲ್ಲಿ ನಾಟಕಕ್ಕೇ ಆದ್ಯತೆ, ಟೈಮ್ ಆದ್ಮೇಲೆ ಒಳಗೆ ಬಿಡಲ್ಲ, ಆ ಶಿಸ್ತು ನಮಗೂ ಬೇಕು ಅಂತ ಆಸೆ. ಕೆಲವರು ಹೊಸ ಅಲೆ ನಾಟಕ ಮಾತ್ರ ಸಾಕು ಅಂದ್ರು. ಆದ್ರೆ ನಮ್ಮ ಕಡೆ ಸ್ಟೇಜ್ ಹತ್ತೋರಲ್ಲಿ ಮುಕ್ಕಾಲು ಪಾಲು ಜನ ಪೌರಾಣಿಕ ನಾಟಕದವರು. ರೈತರು, ಕೆಎಸ್‌ಆರ್‌ಟಿಸಿ ಕಂಡಕ್ಟರುಗಳು, ಗ್ರಾಮ ಪಂಚಾಯ್ತಿ ಬಿಲ್ ಕಲೆಕ್ಟರು, ಹಾರ್ಮೋನಿಯಂ ಮೇಷ್ಟ್ರ ಹತ್ರ ತಿಂಗಳುಗಟ್ಟಲೆ ಮಟ್ಟು ಕಲಿತು, ಕೃಷ್ಣನ ಪಾತ್ರಕ್ಕೋ ದುರ್ಯೋಧನನ ಪಾತ್ರಕ್ಕೋ ಕೈಯಿಂದ ದುಡ್ಡು ಹಾಕಿ, ಸೀನರಿ ಡ್ರೆಸ್ಸು ಬಾಡಿಗೆಗೆ ತಂದು ಆಡೋರು. ನಾವು ಮಾಡಿದ ಕರಡು ದರಪಟ್ಟಿಲಿ ನಾಲ್ಕು ಗಂಟೆದೊಂದು ಸ್ಲಾಟ್ ಇತ್ತು, ಅದನ್ನ ನೋಡಿ ಒಬ್ಬ ಹಿರಿಯ ಹಾರ್ಮೋನಿಯಂ ಮೇಷ್ಟ್ರು "ಸ್ವಾಮಿ, ನಾಲ್ಕು ಗಂಟೇಲಿ ನಮ್ಮ ಕೃಷ್ಣ ಸಂಧಾನಕ್ಕೇ ಹೊರಟಿರಲ್ಲ" ಅಂದ್ರು. ಅವರು ಹೇಳಿದ್ದು ನೂರಕ್ಕೆ ನೂರು ನಿಜ, ಬೆಳಿಗ್ಗೆ ಶುರುವಾದ ನಾಟಕ ರಾತ್ರಿವರೆಗೆ ನಡೆಯುತ್ತೆ, ಒಂದೊಂದು ಪಾತ್ರ ಮೂರು ಜನ ಹಂಚ್ಕೊಂಡು ಆಡ್ತಾರೆ, ಊರಿಗೂರೇ ಟ್ರ್ಯಾಕ್ಟರಲ್ಲಿ ಬಂದು ಒನ್ಸ್‌ಮೋರ್ ಕೂಗುತ್ತೆ. ಅವರಿಗೋಸ್ಕರ ಇಡೀ ದಿನದ್ದು ಅಂತಲೇ ಬೇರೆ ದರ ಮಾಡಿದ್ವಿ, ತಿಂಗಳಲ್ಲಿ ಒಂದಷ್ಟು ಭಾನುವಾರ ಅವರಿಗೇ ಮೀಸಲು, ಆ ಮೇಷ್ಟ್ರನ್ನೇ ಸಮಿತಿಗೆ ತಗೊಂಡ್ವಿ. ಈ ಒಂದು ತೀರ್ಮಾನ ಇಲ್ದೇ ಹೋಗಿದ್ರೆ ರಂಗಮಂದಿರ ಹತ್ತಿಪ್ಪತ್ತು ಜನ ಗೆಳೆಯರ ಕ್ಲಬ್ ಆಗ್ತಿತ್ತು ಅಂತ ನನಗೆ ಇವತ್ತೂ ಅನ್ಸುತ್ತೆ.

ದರಪಟ್ಟಿ ಕೊನೆಗೆ ಹೀಗಾಯ್ತು: ಟಿಕೆಟ್ ಇಟ್ಟು ಮಾಡೋ ನಾಟಕ, ಸಂಗೀತ, ನೃತ್ಯಕ್ಕೆ ಎಲ್ಲಕ್ಕಿಂತ ಕಮ್ಮಿ, ಸರ್ಕಾರಿ ಶಾಲೆಗಳಿಗೆ ಬರೀ ಕರೆಂಟ್ ಖರ್ಚು, ಖಾಸಗಿ ಕಾಲೇಜು ವಾರ್ಷಿಕೋತ್ಸವಕ್ಕೆ ಜಾಸ್ತಿ, ಕಂಪನಿ ಮೀಟಿಂಗಿಗೆ ಇನ್ನೂ ಜಾಸ್ತಿ, ಅದೂ ವಾರದ ದಿನ ಹಗಲಲ್ಲಿ ಮಾತ್ರ. ರಿಹರ್ಸಲ್‌ಗೆ ಫ್ಯಾನ್ ಮತ್ತು ವರ್ಕಿಂಗ್ ಲೈಟ್ ಮಾತ್ರ ಕೊಟ್ಟು ತೀರಾ ಕಮ್ಮಿ ದರ, ಖಾಲಿ ಬಿದ್ದಿರ್ತಿದ್ದ ದಿನಗಳು ತುಂಬಿದ್ದು ಇದರಿಂದಲೇ. ಟಿಕೆಟ್ ಅಂದ್ರೆ ಜಿಎಸ್‌ಟಿ ಬರುತ್ತೆ ಅಂತ ತಂಡದವರು ಹೆದರ್ತಾರೆ, 500 ರೂಪಾಯಿ ಮೀರದ ನಾಟಕದ ಟಿಕೆಟಿಗೆ ವಿನಾಯ್ತಿ ಇದೆ, ನಮ್ಮಲ್ಲಿ ಯಾರೂ ಅದರ ಹತ್ರಕ್ಕೂ ಹೋಗಲ್ಲ. ನೀನಾಸಂ ತಿರುಗಾಟ, ಸಾಣೇಹಳ್ಳಿಯ ಶಿವಸಂಚಾರ, ಊರೂರಿಗೆ ನಾಟಕ ತಗೊಂಡು ಹೋಗೋ ಈ ಎರಡು ತಂಡಗಳ ದಿನಗಳನ್ನ ಬೇರೆ ಬುಕಿಂಗ್ ತೆರೆಯೋ ಮೊದ್ಲೇ ಹಿಡಿದಿಡ್ತೀವಿ. ತಿರುಗಾಟ 1985ರಿಂದ ಊರೂರು ಸುತ್ತುತಾ ಇದೆ, ಅವರು ಬರೋ ದಿನ ನಮ್ಮ ಹಾಲ್ ಖಾಲಿ ಇಲ್ಲ ಅಂತ ಹೇಳೋ ಪರಿಸ್ಥಿತಿ ಮತ್ತೆ ಬರಬಾರದು.

ಇನ್ನು ಕಟ್ಟಡದ ಕೆಲಸ. ಲೈಟಿಂಗ್‌ನವನಾದ ನನಗೇ ಮೊದ್ಲು ಲೈಟ್ ತಗೊಳ್ಳಿ ಅಂತ ಹೇಳೋಕೆ ಮನಸ್ಸಿತ್ತು, ಆದ್ರೆ ಪಟ್ಟಿಲಿ ಮೊದ್ಲು ಹಾಕಿದ್ದು ಹೆಣ್ಣುಮಕ್ಕಳ ಗ್ರೀನ್ ರೂಮಿಗೆ ಚಿಲಕ, ಒಳಗೇ ಟಾಯ್ಲೆಟ್, ನೀರು. ಅದಿಲ್ಲದೇ ಇರೋ ಕಡೆ ಪಾತ್ರಕ್ಕೆ ಹುಡುಗೀರು ಸಿಗಲ್ಲ ಅಂತ ಗೊಣಗೋದ್ರಲ್ಲಿ ಅರ್ಥ ಇಲ್ಲ. ಆಮೇಲೆ ಸ್ಟೇಜ್ ಹಲಗೆ, ಫ್ಲೆಕ್ಸ್ ಕಟ್ಟೋಕೆ ಹಿಂದೆ ಒಂದು ಪೈಪು (ಪೈಪ್ ಹಾಕಿದ ಮೇಲೆ ಮೊಳೆ ಹೊಡೆಯೋದು ತಾನಾಗೇ ನಿಲ್ತು, ಬೋರ್ಡ್ ಹಾಕಿ ನಿಲ್ಸೋಕಾಗಿರಲಿಲ್ಲ), ಬಾಡಿಗೆ ಲೈಟ್‌ನವರಿಗೆ ಸ್ಟೇಜ್ ಪಕ್ಕದಲ್ಲೇ ತ್ರೀ ಫೇಸ್ ಪಾಯಿಂಟ್, ಪ್ರೇಕ್ಷಕರ ತಲೆ ಮೇಲೆ ಲೈಟ್ ನೇತುಹಾಕೋಕೆ ಒಂದು ಫ್ರಂಟ್ ಬಾರ್. 1000 ವ್ಯಾಟ್‌ನ ಹಳೇ ಹ್ಯಾಲೊಜೆನ್ ಸ್ಟೇಜ್ ಲೈಟುಗಳಾದ ಪಾರ್‌ಗಳ ಜಾಗಕ್ಕೆ ಎಲ್‌ಇಡಿ ಬಂದ ಮೇಲೆ ಲೋಡ್ ಇಳೀತು, ಕರೆಂಟ್ ಬಿಲ್ಲಲ್ಲಿ ನಿಗದಿತ ಶುಲ್ಕ ಹಾಕೋದು ಮಂಜೂರಾದ ಲೋಡ್ ಮೇಲೆ, ಹಾಗಾಗಿ ಲೋಡ್ ಕಮ್ಮಿ ಮಾಡಿಸಿ ಅಂತ ಎಸ್ಕಾಂಗೆ (ನಿಮ್ಮ ಕಡೆಯ ವಿದ್ಯುತ್ ಸರಬರಾಜು ಕಂಪನಿಗೆ) ಅರ್ಜಿ ಕೊಡೋದು ಮರೀಬೇಡಿ, ಹಾಲ್ ಮುಚ್ಚಿದ್ರೂ ಆ ಶುಲ್ಕ ಓಡ್ತಾನೇ ಇರುತ್ತೆ.

ಹಿಂದಿನ ಖಾಲಿ ಜಾಗ ನನಗೆ ತುಂಬಾ ಇಷ್ಟವಾದ ಭಾಗ. ಮದುವೆ ಕಾಲದಲ್ಲಿ ಪಾತ್ರೆ ತೊಳೀತಿದ್ದ ಜಾಗ ಅದು. 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಲ್ಲಿ ನಾಟಕ ಆಡಿಸಿದ್ರು, ಈಗ ಅಲ್ಲಿ ಸಂಸ ಬಯಲು ರಂಗಮಂದಿರ ಇದೆ. ಮೈಸೂರಿನ ರಂಗಾಯಣದಲ್ಲೂ ಒಳಗೆ ಭೂಮಿಗೀತ, ಹೊರಗೆ ವನರಂಗ. ದೊಡ್ಡ ಹಾಲ್ ತುಂಬೋ ಶಕ್ತಿ ಇಲ್ಲದ ಹೊಸ ತಂಡಕ್ಕೆ, ತಾಳಮದ್ದಲೆಗೆ, ಕಥೆ ಓದೋಕೆ, ಮಕ್ಕಳ ಬೇಸಿಗೆ ಶಿಬಿರಕ್ಕೆ ಸಣ್ಣ ಜಾಗನೇ ಚೆಂದ. ನಾವು ಮಣ್ಣು ಏರಿಸಿ ಮೂರು ಕಡೆ ಮೆಟ್ಟಿಲು ಕಟ್ಟಿಸಿದ್ವಿ, ಅಷ್ಟೇ ಖರ್ಚು. ದೊಡ್ಡ ಹಾಲಲ್ಲಿ ಅರವತ್ತು ಜನ ಕೂತ್ರೆ ನಟರ ಉತ್ಸಾಹ ಅಡಗಿಹೋಗುತ್ತೆ, ಅದೇ ಅರವತ್ತು ಜನ ಇಲ್ಲಿ ಹೌಸ್‌ಫುಲ್.

ಸಮಿತಿಗೆ ಒಂದು ನಿಯಮ ಇಟ್ಕೊಂಡಿದೀವಿ, ಸದಸ್ಯರ ತಂಡಗಳೂ ಉಳಿದವರ ಥರನೇ ಸರದಿಲಿ ನಿಲ್ಲಬೇಕು, ಬುಕಿಂಗ್ ಪಟ್ಟಿ ಗೇಟಲ್ಲಿ ನೋಟಿಸ್ ಬೋರ್ಡಿಗೆ ಹಾಕಬೇಕು. ಊರಲ್ಲಿ ನಂಬಿಕೆ ಬಂದಿದ್ದು ಆ ಬೋರ್ಡಿಂದ.

ಈಗ ಇರೋ ಆತಂಕ ಒಂದೇ. ಇದೆಲ್ಲ ನಡೀತಿರೋದು ಸಾಮಾನ್ಯ ಸಭೆಯ ಒಂದು ನಿರ್ಣಯದ ಮೇಲೆ. ಕೌನ್ಸಿಲ್ ಅವಧಿ ಮುಗಿದು ಚುನಾವಣೆ ಆಗದೇ ಇದ್ರೆ ಆಡಳಿತಾಧಿಕಾರಿ ಬರ್ತಾರೆ, ಹೊಸಬರಿಗೆ ಹಳೇ ನಿರ್ಣಯ ಬದಲಾಯಿಸೋದು ಒಂದು ಸಹಿ ಕೆಲಸ. ಹಾಗಾಗಿ ದರಪಟ್ಟಿ, ಸಂಜೆಗಳ ಮೀಸಲು, ಸಮಿತಿ ರಚನೆ ಇಷ್ಟನ್ನೂ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಕೆಳಗೆ ಉಪವಿಧಿ (ಬೈಲಾ) ಮಾಡಿಸೋಕೆ ಕರಡು ಬರೆದು ಕೊಟ್ಟಿದೀವಿ, ಅದಕ್ಕೆ ಆಕ್ಷೇಪಣೆ ಕರೆಯಬೇಕು, ಸರ್ಕಾರದ ಒಪ್ಪಿಗೆ ಬರಬೇಕು, ನಿಧಾನ ಆಗುತ್ತೆ. ನಿಮ್ಮೂರಲ್ಲಿ ಯಾರಾದ್ರೂ ಇಂಥ ಉಪವಿಧಿ ಮಾಡಿಸಿದ್ರೆ ಅದರ ಪ್ರತಿ ನಮಗೆ ಬೇಕು, ಮುಖ್ಯವಾಗಿ ಚುನಾವಣೆ ತರಬೇತಿ, ಮತ ಎಣಿಕೆಗೆ ಹಾಲ್ ತಗೊಂಡಾಗ ಮೊದ್ಲೇ ಬುಕ್ ಆಗಿದ್ದ ತಂಡಕ್ಕೆ ಬದಲಿ ದಿನ ಕೊಡೋ ಕಲಂ ಹೇಗೆ ಬರೆದಿದೀರಿ ಅನ್ನೋದು.