ಚಳಿ ದೇಶಕ್ಕೆ ಹೊರಟವರಿಗೆ: ಬಕೆಟ್ ನೀರಿನಲ್ಲಿ ಸೂಜಿ ಮೆಣಸಿನಕಾಯಿ

ಮೂಡಿಗೆರೆಗೆ ರಜೆಗೆ ಬಂದು ಎರಡು ವಾರ ಆಯಿತು. ಮಳೆ ಬಿಟ್ಟಿಲ್ಲ. ಅಷ್ಟರಲ್ಲೇ ಮೂರು ಮನೆಯವರು ಬಂದು ಹೋದರು. ಒಬ್ಬರ ಮಗ ಆಗಸ್ಟ್‌ನಲ್ಲಿ ಅಮೆರಿಕದ ಮಿನಿಯಾಪೊಲಿಸ್‌ಗೆ ಓದಲು ಹೊರಟಿದ್ದಾನೆ. ಸಕಲೇಶಪುರದ ಒಬ್ಬರ ಮಗಳು ಮದುವೆಯಾಗಿ ಅದೇ ಊರಿಗೆ ಬರುತ್ತಿದ್ದಾಳೆ. ಎಲ್ಲರೂ ಕೇಳಿದ್ದು ಕೋಟು, ಬೂಟು, ಕುಕ್ಕರ್ ಬಗ್ಗೆ. ಅವೆಲ್ಲ ಅಲ್ಲೇ ಸಿಗುತ್ತವೆ, ಚಿಂತೆ ಬೇಡ. ಯಾರೂ ಕೇಳದ ಒಂದು ವಿಷಯವನ್ನು ನಾನೇ ಹೇಳುತ್ತೇನೆ. ಅಲ್ಲಿಗೆ ಹೋಗಿ ಸೇರಿದ ತಿಂಗಳಲ್ಲೇ, ಮಣ್ಣಿಲ್ಲದೆ ಬಕೆಟ್ ನೀರಿನಲ್ಲಿ, ಒಂದು ಮೆಣಸಿನ ಗಿಡ ಶುರು ಮಾಡಿ.

ಮಿನಿಯಾಪೊಲಿಸ್‌ನಲ್ಲಿ ನಾನು ಹದಿಮೂರು ವರ್ಷದಿಂದ ಇದ್ದೇನೆ. ಅಲ್ಲಿ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಹೊರಗೆ ಮೈನಸ್ 20 ಡಿಗ್ರಿ. ಇಂಡಿಯನ್ ಅಂಗಡಿಯಲ್ಲಿ ಹಸಿಮೆಣಸಿನಕಾಯಿ ಸಿಗುತ್ತದೆ, ಇಲ್ಲ ಅನ್ನಲ್ಲ. ಆದರೆ ಜನವರಿಯಲ್ಲಿ ಬಾಡಿ, ತೊಟ್ಟು ಕಪ್ಪಾಗಿ ಬರುತ್ತದೆ. ನಮ್ಮ ಸೂಜಿ ಮೆಣಸಿನಕಾಯಿಯ ಆ ಘಮ ಅದರಲ್ಲಿ ಎಲ್ಲಿ ಬರಬೇಕು? ಇಲ್ಲಿ ಕಾಫಿ ಗಿಡದ ಬುಡದಲ್ಲಿ ಹಕ್ಕಿ ಹಿಕ್ಕೆಯಿಂದ ತಾನಾಗೇ ಹುಟ್ಟುವ ಗಿಡ ಅದು. ಯಾರೂ ನೆಡುವುದಿಲ್ಲ, ಯಾರೂ ನೀರು ಹಾಕುವುದಿಲ್ಲ. ಅಲ್ಲಿ ಮಾತ್ರ ಎಲ್ಲವನ್ನೂ ನೀವೇ ಮಾಡಬೇಕು. ಬೆಳಕು, ಗಾಳಿ, ಗೊಬ್ಬರ, ಕೊನೆಗೆ ಜೇನುಹುಳದ ಕೆಲಸ ಕೂಡ.

ಮಣ್ಣಿನ ಕುಂಡ ಏಕೆ ಬೇಡ ಅಂತ ಕೇಳಬಹುದು. ಬೇಡ ಅಂತಿಲ್ಲ. ಆದರೆ ಅಪಾರ್ಟ್‌ಮೆಂಟ್ ಒಳಗೆ ಮಣ್ಣು ತಂದರೆ ಅದರ ಜೊತೆ ಸಣ್ಣ ನೊಣಗಳು ಬರುತ್ತವೆ, ಕಾರ್ಪೆಟ್ ಹಾಳಾಗುತ್ತದೆ. ನೀರಿನಲ್ಲಿ ಗಿಡ ಬೇಗ ಬೆಳೆಯುತ್ತದೆ. ನಾಲ್ಕು ದಿನ ಊರಿಗೆ ಹೋದರೂ ಬಾಡುವುದಿಲ್ಲ.

ಇದನ್ನು ಹೇಳಿದಾಗ ಅಮ್ಮ ಮೊದಲು ಕೇಳಿದ್ದು, "ಅಲ್ವೋ, ಬೇರು ನೀರಲ್ಲೇ ನಿಂತರೆ ಕೊಳೆಯಲ್ವಾ?" ತೋಟದವರ ಪ್ರಶ್ನೆ. ಬುಡದಲ್ಲಿ ನೀರು ನಿಂತ ಕಾಳುಮೆಣಸಿನ ಬಳ್ಳಿಗೆ ಸೊರಗು ರೋಗ ಬಂದು ವಾರದಲ್ಲಿ ಒಣಗಿದ್ದನ್ನು ಅವರು ಕಣ್ಣಾರೆ ಕಂಡವರು. ಅವರು ಕೇಳಿದ್ದು ಸರಿ. ಬೇರಿಗೆ ನೀರು ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು. ಈ ಕೆಲಸದಲ್ಲಿ ನೀವು ಮರೆಯಬಾರದ ಮಾತು ಇದೊಂದೇ.

ಬೇರಿಗೆ ಗಾಳಿ ಕೊಡಲು ಎರಡು ದಾರಿ ಇವೆ. ಒಂದು, ಹವಾಯಿ ವಿಶ್ವವಿದ್ಯಾಲಯದ ಬಿ. ಎ. ಕ್ರಾಟ್ಕಿ ಬೆಳೆಸಿದ ಪದ್ಧತಿ. ಇದಕ್ಕೆ ಪಂಪ್ ಬೇಡ, ಕರೆಂಟ್ ಬೇಡ. ಬಕೆಟ್ ಮುಚ್ಚಳದ ನಡುವೆ ತೂತು ಕೊರೆದು ಜಾಲರಿ ಕಪ್ ಕೂರಿಸಬೇಕು. ಶುರುವಿನಲ್ಲಿ ಕಪ್ಪಿನ ತಳ ಮಾತ್ರ ನೀರಿಗೆ ತಾಗಬೇಕು. ಗಿಡ ಕುಡಿದಂತೆ ನೀರು ಕೆಳಗಿಳಿಯುತ್ತದೆ. ಮೇಲೆ ಖಾಲಿಯಾದ ಜಾಗದಲ್ಲಿ ಬೇರಿನ ಮೇಲ್ಭಾಗ ತೇವದ ಗಾಳಿಯಲ್ಲಿ ಉಳಿದು ಉಸಿರಾಡುತ್ತದೆ. ತುದಿ ಬೇರು ನೀರು ಕುಡಿಯುತ್ತದೆ. ಸೊಪ್ಪಿನಂಥ ಬೆಳೆಗೆ ಒಮ್ಮೆ ತುಂಬಿದ ನೀರೇ ಸಾಕಾಗುತ್ತದೆ. ಮೆಣಸಿನ ಗಿಡ ತಿಂಗಳುಗಟ್ಟಲೆ ಇರುವಂಥದ್ದು, ಹಾಗಾಗಿ ಮತ್ತೆ ಮತ್ತೆ ನೀರು ಹಾಕಲೇಬೇಕು.

ಅಲ್ಲೇ ನಾನು ಮೊದಲ ಗಿಡ ಕಳೆದುಕೊಂಡಿದ್ದು. ನೀರು ಇಳಿದಿದ್ದು ಕಂಡ ತಕ್ಷಣ ಪಾಪ ಅಂತ ಕಂಠದವರೆಗೆ ತುಂಬಿಸಿಬಿಟ್ಟೆ. ಮೂರನೇ ದಿನ ಎಲೆ ಜೋತುಬಿತ್ತು. ಬಕೆಟ್ ತುಂಬ ನೀರಿದೆ, ಗಿಡ ಮಾತ್ರ ಬಾಡುತ್ತಿದೆ. ಮುಚ್ಚಳ ಎತ್ತಿ ನೋಡಿದರೆ, ಹಾಲು ಬಣ್ಣವಿದ್ದ ಬೇರು ಕಂದಾಗಿ, ಮುಟ್ಟಿದರೆ ಲೋಳೆ ಲೋಳೆಯಾಗಿ ಕೈಗೆ ಬಂತು. ಮಳೆಗಾಲದ ಚರಂಡಿಯ ವಾಸನೆ. ಗಾಳಿಯಲ್ಲಿದ್ದು ಅಭ್ಯಾಸವಾದ ಬೇರನ್ನು ನಾನು ಮುಳುಗಿಸಿಬಿಟ್ಟಿದ್ದೆ. ಗಿಡ ಬೆಳೆದ ಮೇಲೆ ನೀರು ಅರ್ಧ ಬಕೆಟ್ ದಾಟದಂತೆ ನೋಡಿಕೊಳ್ಳಿ. ಬಕೆಟ್ ಹೊರಗೆ ಒಂದು ಗೆರೆ ಎಳೆದುಬಿಡಿ.

ಎರಡನೇ ದಾರಿ, ಮೀನಿನ ತೊಟ್ಟಿಗೆ ಹಾಕುವ ಗಾಳಿ ಪಂಪ್. ನಾನು ಈಗ ಇದನ್ನೇ ಬಳಸುತ್ತೇನೆ, ಹೊಸಬರಿಗೂ ಇದನ್ನೇ ಹೇಳುತ್ತೇನೆ. ಪಂಪಿನ ಪೈಪಿನ ತುದಿಗೆ ಸಿಕ್ಕಿಸುವ ಸಣ್ಣ ತೂತುಗಳ ಕಲ್ಲು, ಅಂದರೆ ಏರ್ ಸ್ಟೋನ್, ಬಕೆಟ್ ತಳದಲ್ಲಿ ಗುಳ್ಳೆ ಬಿಡುತ್ತಿದ್ದರೆ ನೀರು ಸ್ವಲ್ಪ ಹೆಚ್ಚಾದರೂ ಬೇರು ಬದುಕುತ್ತದೆ. ಪಂಪ್ ಹಗಲೂ ರಾತ್ರಿ ಓಡಲಿ. ಅದನ್ನು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿಡಿ. ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿಗೆ ಇಳಿಯಬಾರದಲ್ವಾ.

ಇನ್ನು ಬೀಜ. ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದರು ಎಂಬ ಕತೆ ಕೇಳುತ್ತಲೇ ಬೆಳೆದವರು ನಾವು. ಆದರೆ ಅಮ್ಮ ಕಟ್ಟಿಕೊಟ್ಟ ಬೀಜವನ್ನು ನೀವು ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೊರಡಬೇಡಿ. ಅಮೆರಿಕಕ್ಕೆ ಬಿತ್ತನೆ ಬೀಜ ಒಯ್ಯಲು ಕಾಗದಪತ್ರ ಬೇಕು. ಟೊಮೆಟೊ, ಮೆಣಸಿನಕಾಯಿ ಬೀಜಕ್ಕೆ ಒಂದು ವೈರಸ್ ಭಯದಿಂದ 2019ರಲ್ಲಿ ನಿಯಮವನ್ನು ಇನ್ನೂ ಬಿಗಿ ಮಾಡಿದ್ದರು. ಬಂದ ಮೊದಲ ದಿನವೇ ವಿಮಾನ ನಿಲ್ದಾಣದಲ್ಲಿ ಆ ತಾಪತ್ರಯ ಯಾಕೆ? ಅಲ್ಲಿನ ಬೀಜದ ಅಂಗಡಿಯಲ್ಲಿ ತಬಾಸ್ಕೊ ಅಂತ ಕೇಳಿ. ಅದು ನಮ್ಮ ಸೂಜಿ ಮೆಣಸಿನಕಾಯಿಯ ಜಾತಿಯದೇ, ಕಾಯಿ ಹಾಗೇ ಆಕಾಶ ನೋಡಿಕೊಂಡು ನಿಲ್ಲುತ್ತದೆ. ಥಾಯ್ ಮೆಣಸಿನಕಾಯಿಯೂ ಆಗುತ್ತದೆ, ಅದು ಬೇಗ ಬರುತ್ತದೆ. ಇಂಡಿಯನ್ ಅಂಗಡಿಯಲ್ಲಿ ಪೂರ್ತಿ ಕೆಂಪಾದ ಹಸಿ ಕಾಯಿ ಸಿಕ್ಕರೆ ಅದರ ಬೀಜವೂ ಮೊಳೆಯುತ್ತದೆ. ಹಸಿರು ಕಾಯಿಯ ಬೀಜ ಬಲಿತಿರುವುದಿಲ್ಲ, ಅದನ್ನು ನಂಬಬೇಡಿ.

ಬೀಜ ಮೊಳೆಯಲು 25ರಿಂದ 30 ಡಿಗ್ರಿ ಬಿಸಿ ಬೇಕು. ಒದ್ದೆ ಟಿಶ್ಯೂ ಪೇಪರಿನಲ್ಲಿ ಮಡಚಿ, ಜಿಪ್ ಕವರಿನಲ್ಲಿ ಹಾಕಿ, ಬೆಚ್ಚಗಿರುವ ಕಡೆ ಇಡಿ. ನಾನು ವೈಫೈ ರೂಟರ್ ಮೇಲೆ ಇಡುತ್ತೇನೆ. ಥಾಯ್ ಒಂದೆರಡು ವಾರದಲ್ಲಿ ಬಿಳಿ ಮೂತಿ ತೋರಿಸುತ್ತದೆ. ಸೂಜಿ ಜಾತಿ ಮೂರು ನಾಲ್ಕು ವಾರ ಕಾಯಿಸಿದರೂ ಎಸೆಯಬೇಡಿ. ಮೊಳಕೆಯನ್ನು ರಾಕ್‌ವೂಲ್ (ಕಲ್ಲಿನ ನಾರಿನಿಂದ ಮಾಡಿದ, ಸ್ಪಂಜಿನಂತೆ ನೀರು ಹಿಡಿಯುವ) ತುಂಡಿಗೆ ಇಳಿಸಿ, ನಾಲ್ಕು ಎಲೆ ಬಂದು ಬೇರು ಕೆಳಗೆ ಇಣುಕಿದ ಮೇಲೆ ಬಕೆಟ್ಟಿಗೆ ಹಾಕಿ.

ಬಕೆಟ್ ಅಂದರೆ ಹಾರ್ಡ್‌ವೇರ್ ಅಂಗಡಿಯ ಐದು ಗ್ಯಾಲನ್ ಬಕೆಟ್, ಸುಮಾರು 19 ಲೀಟರ್. ಒಂದಕ್ಕೆ ಒಂದೇ ಗಿಡ. ಬೆಳಕು ಒಳಗೆ ಹೋದರೆ ಪಾಚಿ ಕಟ್ಟುತ್ತದೆ, ಹಾಗಾಗಿ ಕಪ್ಪು ಬಕೆಟ್ ತನ್ನಿ ಇಲ್ಲವೇ ಹೊರಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ. ಕೆಳಗೆ ಒಂದು ಅಗಲ ತಟ್ಟೆ ಇಡಿ, ಬಾಡಿಗೆ ಮನೆಯ ನೆಲ.

ಗೊಬ್ಬರದ ವಿಷಯದಲ್ಲಿ ಊರಿನ ಅಭ್ಯಾಸ ಬಿಡಬೇಕು. ಅಕ್ಕಿ ತೊಳೆದ ನೀರು, ಸಗಣಿ ನೀರು, ಹಿಂಡಿ ನೆನೆಸಿದ್ದು ಯಾವುದೂ ಬಕೆಟ್ಟಿಗೆ ಬೇಡ. ಮಣ್ಣಿನಲ್ಲಿ ಅದನ್ನು ಗಿಡಕ್ಕೆ ಊಟ ಮಾಡಿಕೊಡುವ ಜೀವಿಗಳಿರುತ್ತವೆ. ಬಕೆಟ್ಟಿನಲ್ಲಿ ಅದು ಸುಮ್ನೆ ಕೊಳೆಯುತ್ತದೆ. ಯೂರಿಯಾ ಇರುವ ಗೊಬ್ಬರವೂ ಅದೇ ಕಾರಣಕ್ಕೆ ಬೇಡ. ಹೈಡ್ರೊಪೋನಿಕ್ಸ್‌ಗೆಂದೇ, ಅಂದರೆ ಹೀಗೆ ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸುವುದಕ್ಕೆಂದೇ, 4-18-38 ಎಂದು ಬರೆದ ಗೊಬ್ಬರದ ಪುಡಿ ಸಿಗುತ್ತದೆ. ಹತ್ತು ಲೀಟರ್ ನೀರಿಗೆ ಅದು 6 ಗ್ರಾಂ, ಎಪ್ಸಮ್ ಸಾಲ್ಟ್ (ಮೆಗ್ನೀಷಿಯಂ ಸಲ್ಫೇಟ್) 3 ಗ್ರಾಂ, ಎರಡೂ ಪೂರ್ತಿ ಕರಗಿದ ಮೇಲೆ ಕ್ಯಾಲ್ಸಿಯಂ ನೈಟ್ರೇಟ್ 6 ಗ್ರಾಂ. ಪುಡಿಗಳನ್ನು ಒಣಗಿದ್ದಾಗಲೇ ಒಟ್ಟಿಗೆ ಕಲಸಿ ನೀರು ಹಾಕಿದರೆ ಕ್ಯಾಲ್ಸಿಯಂ ಗಟ್ಟಿಯಾಗಿ ತಳಕ್ಕೆ ಕೂರುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಎಳೆ ಗಿಡಕ್ಕೆ ಅರ್ಧ ಪ್ರಮಾಣ ಸಾಕು. ಎರಡು ಮೂರು ವಾರಕ್ಕೊಮ್ಮೆ ನೀರು ಪೂರ್ತಿ ಬದಲಿಸಿ. ಮನೆಗೆ ನೀರು ಮೆದು ಮಾಡುವ ಯಂತ್ರ ಇದ್ದರೆ ಆ ನಲ್ಲಿಯ ನೀರು ಬೇಡ, ಅದರಲ್ಲಿ ಸೋಡಿಯಂ ಜಾಸ್ತಿ ಇರುತ್ತದೆ.

ಮಣ್ಣು ಹುಳಿಯಾಯಿತು ಅಂತ ತೋಟಕ್ಕೆ ಸುಣ್ಣ ಹಾಕುವುದನ್ನು ನೋಡಿದ್ದೀರಲ್ಲ? ನೀರಿಗೂ ಅದೇ ಲೆಕ್ಕ, ಆದರೆ ತಿರುವು ಮುರುವು. ಬಕೆಟ್ಟಿನಲ್ಲಿ ಪಿಎಚ್, ಅಂದರೆ ಹುಳಿಯ ಅಳತೆ, ಸಾಮಾನ್ಯವಾಗಿ ಮೇಲೇರುತ್ತದೆ, ಅಂದರೆ ಹುಳಿ ಕಮ್ಮಿಯಾಗುತ್ತದೆ. ಅದನ್ನು 5.8ರಿಂದ 6.3ರ ಒಳಗೆ ಇಡಬೇಕು. ಮೀರಿದರೆ ಗೊಬ್ಬರ ಎದುರಿಗಿದ್ದರೂ ಗಿಡಕ್ಕೆ ಕಬ್ಬಿಣ ಸಿಗದೆ ಎಳೆ ಎಲೆ ಹಳದಿಯಾಗುತ್ತದೆ. ಇಳಿಸಲು ಪಿಎಚ್ ಡೌನ್ ಅಂತಲೇ ಬಾಟಲಿ ಸಿಗುತ್ತದೆ, ಹನಿ ಲೆಕ್ಕದಲ್ಲಿ ಹಾಕಿ. ನಿಂಬೆರಸ, ವಿನಿಗರ್ ಎರಡು ದಿನಕ್ಕೇ ಸೋಲುತ್ತವೆ.

ಕಿಟಕಿ ಬೆಳಕು ಅಲ್ಲಿನ ಚಳಿಗಾಲಕ್ಕೆ ಸಾಲದು. ಬಿಳಿ ಎಲ್‌ಇಡಿ ಗ್ರೋ ಲೈಟ್ ತಗೊಳ್ಳಿ. ಎರಡು ಗಿಡಕ್ಕೆ ನಿಜವಾಗಿ 100 ವ್ಯಾಟ್ ಎಳೆಯುವಂಥದ್ದು ಸಾಕು. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ 1000 ವ್ಯಾಟ್ ನೋಡಬೇಡಿ, ಸಣ್ಣ ಅಕ್ಷರ ಓದಿ. ಗಿಡದ ತುದಿಯಿಂದ ಒಂದಡಿ ಮೇಲೆ ತೂಗುಹಾಕಿ, ಟೈಮರ್ ಇಟ್ಟು ದಿನಕ್ಕೆ 15 ಗಂಟೆ ಉರಿಸಿ. ದಿನಕ್ಕೆ ಒಂದೂವರೆ ಯೂನಿಟ್, ತಿಂಗಳಿಗೆ 45 ಯೂನಿಟ್. ರಾತ್ರಿ ಕತ್ತಲೆ ಇರಲಿ.

ಗಿಡ ಒಂದು ಗೇಣು ಎತ್ತರ ಬಂದಾಗ ತುದಿ ಚಿವುಟಿ. ಕೈ ಬರುವುದಿಲ್ಲ, ಗೊತ್ತು. ಆದರೂ ಚಿವುಟಿ. ಪಕ್ಕದ ಕವಲು ಒಡೆದು ಪೊದೆ ಕಟ್ಟುತ್ತದೆ, ಕಾಯಿ ಜಾಸ್ತಿ ಬಿಡುತ್ತದೆ.

ಹೂವು ಬಂದಾಗ ಹತ್ತಿರ ಹೋಗಿ ನೋಡಿ. ಸಣ್ಣ ಬಿಳಿ ಹೂವು, ತಲೆ ತಗ್ಗಿಸಿಕೊಂಡಿರುತ್ತದೆ. ನಡುವಿನ ಕೇಸರದ ತುದಿ ನೀಲಿ ಬಣ್ಣದ್ದು. ಅದು ಬಿರಿದು ಬೂದಿಯಂಥ ಪುಡಿ ಕಂಡಾಗ ಪರಾಗ ಸಿದ್ಧವಾಗಿದೆ ಎಂದರ್ಥ. ಮೆಣಸಿನ ಹೂವಿಗೆ ತನ್ನ ಪರಾಗವೇ ಸಾಕು, ಅದನ್ನು ಉದುರಿಸುವ ಗಾಳಿ ಮಾತ್ರ ಮನೆಯೊಳಗೆ ಇಲ್ಲ. ದಿನಾ ಮಧ್ಯಾಹ್ನದ ಹೊತ್ತಿಗೆ ಕೊಂಬೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಸಣ್ಣ ಫ್ಯಾನ್ ಓಡಿಸಿದರೂ ಒಳ್ಳೆಯದು. ಒಂದೆರಡು ದಿನದಲ್ಲಿ ತೊಟ್ಟು ಹಳದಿಯಾಗಿ ಹೂವು ಉದುರಿದರೆ ಬಿಸಿ ಅಥವಾ ಚಳಿ ಹೆಚ್ಚಾಗಿದೆ ಅಂತ. ಬಕೆಟ್ ಹೀಟರಿನ ಬಾಯಿಗೂ ಬೇಡ, ಮಂಜುಗಟ್ಟಿದ ಕಿಟಕಿ ಗಾಜಿಗೂ ಅಂಟಬಾರದು.

ಹೀಟರಿನ ಒಣ ಗಾಳಿಗೆ ನುಸಿ ಬರುತ್ತದೆ. ಊರಿನಲ್ಲಿ ಎಲೆ ಮುದುರಿ ದೋಣಿಯಂತಾದರೆ ಮುಟುರು ರೋಗ ಅನ್ನುತ್ತಾರಲ್ಲ, ಅಲ್ಲೂ ಅದು ತಪ್ಪಿದ್ದಲ್ಲ. ವಾರಕ್ಕೊಮ್ಮೆ ಎಲೆಯ ಹಿಂಭಾಗ ತಿರುಗಿಸಿ ನೋಡಿ. ನುಸಿಯೋ ಹೇನೋ ಕಂಡರೆ ಮೊದಲು ಬಾತ್‌ರೂಮಿನಲ್ಲಿ ಶವರ್ ಕೆಳಗೆ ಎಲೆ ತೊಳೆಯಿರಿ. ಆಮೇಲೆ ದೀಪ ಆರಿದ ಹೊತ್ತಿನಲ್ಲಿ ಬೇವಿನ ಎಣ್ಣೆಗೆ ಎರಡು ಹನಿ ಸೋಪು ಸೇರಿಸಿ ನೀರಿನಲ್ಲಿ ಕದಡಿ ಸಿಂಪಡಿಸಿ.

ಗಣೇಶನ ಹಬ್ಬಕ್ಕೆ ಬೀಜ ಹಾಕಿದರೆ ಸಂಕ್ರಾಂತಿ ಹೊತ್ತಿಗೆ ಥಾಯ್ ಗಿಡದಲ್ಲಿ ಕೀಳುವಷ್ಟು ಕಾಯಿ ಇರುತ್ತದೆ. ಸೂಜಿ ಜಾತಿ ಶಿವರಾತ್ರಿಗೆ. ಕಾಯನ್ನು ಎಳೆಯಬೇಡಿ, ತೊಟ್ಟಿನ ಹತ್ತಿರ ಕತ್ತರಿಯಿಂದ ಕತ್ತರಿಸಿ. ಕಿತ್ತಷ್ಟೂ ಹೊಸ ಹೂವು ಬರುತ್ತದೆ. ಅಕ್ಕಿ ರೊಟ್ಟಿಯ ಚಟ್ನಿಗೆ ನಾಲ್ಕು ಸಾಕು. ಮಿಕ್ಕಿದ್ದನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಗಾಜಿನ ಬಾಟಲಿಯಲ್ಲಿ ಉಪ್ಪು, ನಿಂಬೆರಸ ಹಾಕಿ ಮುಳುಗಿಸಿ ಫ್ರಿಜ್ಜಿನಲ್ಲಿಡಿ. ಅಮ್ಮ ಈಗ ನನಗೆ ಕಟ್ಟಿಕೊಡಲು ಅಂಥದ್ದೇ ಒಂದು ಬಾಟಲಿ ತುಂಬಿಸುತ್ತಿದ್ದಾರೆ.