ಸಾರಿನ ಪುಡಿ ಕಥೆಯೊಳಗೆ ಬಂದಾಗ

ನಾನು ಧಾರಾವಾಹಿಗಳಿಗೆ ಸಂಭಾಷಣೆ ಬರೆಯುತ್ತೇನೆ. ಒಂದು ಸಂಜೆ ಚಾನೆಲ್‌ನಿಂದ ಫೋನ್ ಬಂತು. ನಾಳೆಯ ಅಡುಗೆಮನೆ ಸೀನ್‌ನಲ್ಲಿ ಒಂದು ಸಾರಿನ ಪುಡಿ ಬರಬೇಕಂತೆ, ಅದಕ್ಕೆ ಪುಡಿ ಕಂಪನಿ ದುಡ್ಡು ಕೊಟ್ಟಿದೆಯಂತೆ. ಬ್ರೀಫ್‌ನಲ್ಲಿ, ಅಂದರೆ ಹೇಗೆ ತೋರಿಸಬೇಕು ಅನ್ನುವ ಸೂಚನೆಯಲ್ಲಿ, ಇದ್ದದ್ದು ಮೂರೇ ಸಾಲು. ಪ್ಯಾಕೆಟ್ ಕೈಯಲ್ಲಿರಬೇಕು. ಲೇಬಲ್ ಕ್ಯಾಮೆರಾ ಕಡೆ ಇರಬೇಕು. ಅತ್ತೆ ಹೆಸರು ಹೇಳಿ ಹೊಗಳಬೇಕು.

ನಮ್ಮ ಕಥೆಯ ಅತ್ತೆ ಅಂಗಡಿ ಪುಡಿ ಮುಟ್ಟುವವಳೇ ಅಲ್ಲ. ಬ್ಯಾಡಗಿ ಮೆಣಸಿನಕಾಯಿ, ಧನಿಯಾ, ಮೆಂತ್ಯ ಎಲ್ಲವನ್ನೂ ಬೇರೆ ಬೇರೆ ಹುರಿದು ಪುಡಿ ಮಾಡುವವಳು. ಆ ಜಂಬದ ಮೇಲೇ ಅತ್ತೆ ಸೊಸೆಯ ಜಗಳವನ್ನು ತಿಂಗಳುಗಟ್ಟಲೆ ಬರೆದಿದ್ದೆ. ಟೈಮ್ ಇರಲಿಲ್ಲ, ಹೇಳಿದ ಹಾಗೆ ಬರೆದುಕೊಟ್ಟೆ. ಪ್ರಸಾರವಾದ ರಾತ್ರಿ ಊರಿಂದ ಅಮ್ಮ ಫೋನ್ ಮಾಡಿದರು. ‘ಅವಳಿಗೆ ಏನಾಯ್ತು? ನಿನ್ನೆವರೆಗೂ ಸರಿಯಾಗಿದ್ದಳಲ್ಲ’ ಅಂದರು. ನನಗೆ ನಿದ್ದೆ ಬರಲಿಲ್ಲ.

ಹಾಗಂತ ಈ ಕೆಲಸ ಬೇಡ ಅನ್ನಲೂ ಆಗುವುದಿಲ್ಲ. ನಮ್ಮ ದೇಶದ ನಿಯಮದಲ್ಲಿ ಟಿವಿ ಜಾಹೀರಾತಿಗೆ ಗಂಟೆಗೆ 12 ನಿಮಿಷದ ಮಿತಿ ಇದೆ. ಅದರಲ್ಲೂ 2 ನಿಮಿಷ ಚಾನೆಲ್‌ನ ಸ್ವಂತ ಪ್ರಚಾರಕ್ಕೆ. ಬ್ರೇಕ್ ಬಂದ ಕೂಡಲೇ ಜನ ರಿಮೋಟ್ ಒತ್ತುತ್ತಾರೆ, ಅಲ್ವಾ? ಕಥೆಯೊಳಗಿನ ಪ್ಯಾಕೆಟ್ ಎಲ್ಲಿಗೂ ಹೋಗುವುದಿಲ್ಲ. ಸೀರಿಯಲ್ ಹುಟ್ಟಿದ್ದೇ ಹೀಗೆ. 1930ರ ದಶಕದಲ್ಲಿ ಅಮೆರಿಕದ ರೇಡಿಯೋ ಕಥೆಗಳಿಗೆ ಸಾಬೂನು ಕಂಪನಿಗಳು ದುಡ್ಡು ಹಾಕಿದ್ದರಿಂದಲೇ ‘ಸೋಪ್ ಒಪೆರಾ’ ಅನ್ನುವ ಹೆಸರು ಬಂತು.

ಮುಂದೆ ಅದೇ ಪುಡಿ ಮತ್ತೆ ಬಂದಾಗ, ಬ್ರೀಫನ್ನು ಎರಡು ವಾರ ಮೊದಲೇ ಕೇಳಿ ತರಿಸಿಕೊಂಡೆ. ನನ್ನ ಮಟ್ಟಿಗೆ ಅರ್ಧ ಕೆಲಸ ಅಲ್ಲೇ ಮುಗಿದಿತ್ತು. ಆ ಹೊತ್ತಿಗೆ ಕಥೆಯಲ್ಲಿ ಅತ್ತೆಯ ಬಲಗೈಗೆ ಪೆಟ್ಟಾಗಿತ್ತು. ಹುರಿಯಲು, ಕುಟ್ಟಲು ಆಗುತ್ತಿರಲಿಲ್ಲ. ಪುಡಿ ಡಬ್ಬಿ ಖಾಲಿ. ಸೊಸೆ ಅಂಗಡಿಯಿಂದ ಪ್ಯಾಕೆಟ್ ತರುತ್ತಾಳೆ. ಬಚ್ಚಿಡದೆ ಒಲೆ ಪಕ್ಕದಲ್ಲೇ ಇಡುತ್ತಾಳೆ. ಅತ್ತೆ ಮೊದಲ ತುತ್ತಿಗೇ ಕಂಡುಹಿಡಿಯುತ್ತಾಳೆ.

‘ಇದು ನನ್ನ ಪುಡಿ ಅಲ್ಲ.’

‘ಅಲ್ಲ ಅತ್ತೆ.’

ಸ್ವಲ್ಪ ಹೊತ್ತು ಇಬ್ಬರೂ ಮಾತಾಡುವುದಿಲ್ಲ. ಆಮೇಲೆ ಅತ್ತೆ ತಟ್ಟೆ ಮುಂದೆ ಸರಿಸಿ, ‘ಇನ್ನೊಂದು ಸೌಟು ಹಾಕು’ ಅನ್ನುತ್ತಾಳೆ.

ಕಂಪನಿಯವರು ಮೊದಲು ಒಪ್ಪಲಿಲ್ಲ. ‘ನನ್ನ ಪುಡಿ ಅಲ್ಲ’ ಅನ್ನುವುದು ನೆಗೆಟಿವ್ ಆಗುತ್ತೆ ಅಂದರು. ಇಷ್ಟು ಹಟದ ಹೆಂಗಸು ಇನ್ನೊಂದು ಸಲ ಸಾರು ಕೇಳುವುದೇ ಹೊಗಳಿಕೆ, ಬಾಯಲ್ಲಿ ಹೆಸರು ಬೇಡ ಅಂತ ಕೂತು ವಿವರಿಸಿದೆ. ಹಾಗಾದರೆ ಕ್ಲೋಸಪ್ ಎರಡು ಸೆಕೆಂಡ್ ಜಾಸ್ತಿ ಕೊಡಿ ಅಂದರು. ಸೊಸೆ ಹೆದರುತ್ತಾ ಪ್ಯಾಕೆಟ್ ಕತ್ತರಿಸುವ ಶಾಟ್‌ನಲ್ಲಿ ನಿರ್ದೇಶಕರು ಅದನ್ನು ಕೊಟ್ಟರು. ಲೇಬಲ್ ಕಂಡಿತು, ಅವಳ ಬೆರಳು ನಡುಗಿದ್ದೂ ಕಂಡಿತು.

ಈಗ ಯಾವ ವಸ್ತು ಬಂದರೂ ಇದನ್ನು ಈ ಮನೆಗೆ ಯಾರು ತಂದರು, ಯಾಕೆ ತಂದರು ಅಂತ ಮೊದಲು ಯೋಚಿಸುತ್ತೇನೆ. ಸ್ಕೂಟರ್, ಸೀರೆ, ಗೋಡೆಯ ಬಣ್ಣ ಕಷ್ಟವಲ್ಲ. ಕಥೆಯಲ್ಲೊಂದು ಮದುವೆ ಇದ್ದರೆ ಸಾಕು. ಮುಖ ಬೆಳ್ಳಗೆ ಮಾಡುವ ಕ್ರೀಮ್ ಬಂದಾಗ ಮಾತ್ರ ಬರೆಯಲ್ಲ ಅಂದೆ. ಆ ಕಥೆಯ ನಾಯಕಿ ಕಪ್ಪು ಬಣ್ಣದ ಹುಡುಗಿ. ಅವಳಿಗೆ ಆ ಮಾತು ಆಡಿಸಲು ನನ್ನಿಂದ ಆಗುತ್ತಿರಲಿಲ್ಲ. ಆ ಸೀನ್ ಬೇರೆಯವರು ಬರೆದರು.

ಕೈ ಪೆಟ್ಟಿನ ಸೀನ್ ನೋಡಿ ಅಮ್ಮ ಮತ್ತೆ ಫೋನ್ ಮಾಡಿದ್ದರು. ಪುಡಿಯ ಮಾತೇ ಇಲ್ಲ. ‘ಪಾಪ, ಅವಳ ಕೈ ಯಾವಾಗ ವಾಸಿಯಾಗುತ್ತೆ?’ ಅಂದರು. ಖುಷಿಯಾಯಿತು. ಆದರೆ ಮನಸ್ಸಿಗೆ ಚುಚ್ಚಿತು ಕೂಡ. ಮೊದಲ ಸಲ ಅವರಿಗೆ ಏನೋ ಸರಿಯಿಲ್ಲ ಅಂತಲಾದರೂ ಗೊತ್ತಾಗಿತ್ತು. ಬ್ರಿಟನ್ನಿನಲ್ಲಿ 2011ರಿಂದ ಹೀಗೆ ದುಡ್ಡು ಪಡೆದು ವಸ್ತು ತೋರಿಸುವ ಕಾರ್ಯಕ್ರಮಗಳ ಶುರುವಿನಲ್ಲಿ, ಕೊನೆಯಲ್ಲಿ, ಬ್ರೇಕ್ ಮುಗಿದ ಮೇಲೆ ‘ಪಿ’ ಅಕ್ಷರದ ಗುರುತು ತೋರಿಸುತ್ತಾರೆ. ನಮ್ಮಲ್ಲೂ ಅಂಥದ್ದು ಬರಬೇಕು. ಚೆನ್ನಾಗಿ ಬರೆದಷ್ಟೂ ಅದು ಜಾಸ್ತಿ ಬೇಕು.

ಆ ಪ್ಯಾಕೆಟ್ ತೋರಿಸಲು ದುಡ್ಡು ಕೊಟ್ಟಿದ್ದರು ಅಂತ ಅವತ್ತು ಫೋನಿನಲ್ಲಿ ನಾನೇ ಅಮ್ಮನಿಗೆ ಹೇಳಿದೆ.